ಬೇಡವೆಂದು ಬರೆಸಿದವಳು

ನಮ್ಮ ಬನಹಟ್ಟಿಯ ಓಣಿಯಲ್ಲಿ ಅನಸವ್ವನ ಬಾಯಿಗೆ ಹೆದರದವರು ಇರಲಿಲ್ಲ. ಮಗ್ಗಗಳ ಖಡಖಡ ಸದ್ದಿನಲ್ಲಿ ಇಪ್ಪತ್ತು ವರ್ಷ ನೂಲಿನ ಕಂಡಿಕೆ ಸುತ್ತಿದ ಅವಳಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿತ್ತು. ರಜೆ ಸಿಕ್ಕರೆ ಸಾಕು, ಬಸ್ಸು ಹತ್ತಿ ಬೀಳಗಿ ಕಡೆಯ ಗುಡ್ಡಕ್ಕೆ ಹೋಗಿಬಿಡುತ್ತಿದ್ದಳು. ಆಲಮಟ್ಟಿ ಹಿನ್ನೀರು ಏರಿದಾಗ ಹೊಳೆದಂಡೆ ಬಿಟ್ಟು ಬಂದ ಅಲೆಮಾರಿ ಬೇಟೆಗಾರ ಹರಣಶಿಕಾರಿಯವರ ಹದಿನೇಳು ಗುಡಿಸಲು ಅಲ್ಲಿದ್ದವು. ಹೊಲ ಮನೆ ಮುಳುಗಿದವರಿಗೆ ಪುನರ್ವಸತಿ ಕೇಂದ್ರ ಸಿಕ್ಕಿತು. ಹೆಸರಿನಲ್ಲಿ ಹೊಲವೂ ಮನೆಯೂ ಇಲ್ಲದ ಇವರಿಗೆ ಕಲ್ಲುಗುಡ್ಡ ಸಿಕ್ಕಿತು. ಅನಸವ್ವ ಅವರಿಗೆ ಜ್ವರದ ಗುಳಿಗೆ ಒಯ್ಯುತ್ತಿದ್ದಳು, ಮಕ್ಕಳನ್ನು ಶಾಲೆಗೆ ಸೇರಿಸಲು ಮಾಸ್ತರರ ಜೊತೆ ಜಗಳ ತೆಗೆಯುತ್ತಿದ್ದಳು. ನಿನಗ್ಯಾಕೆ ಈ ಉಸಾಬರಿ ಎಂದರೆ, "ನೀವು ಯಾರೂ ಹೋಗಲಿಲ್ಲಲಾ, ಅದಕ್ಕ ನಾ ಹೊಂಟೀನಿ" ಎನ್ನುತ್ತಿದ್ದಳು.

2009ರ ಮಳೆಗೆ ಆ ಗುಡಿಸಲುಗಳೆಲ್ಲ ಕುಸಿದವು. ನಮ್ಮ ಕಡೆಯ ದೊಡ್ಡವರು ನೆರವಿನ ಸಮಿತಿ ಕಟ್ಟಿದರು. ಅಣ್ಣಾಸಾಹೇಬ ಸಾಹುಕಾರರು ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರ ಸೋಮಲಿಂಗ ಪಟ್ಟಿ ಬರೆಯುವವರು. ಅನಸವ್ವ ಓಣಿಯ ಮನೆಮನೆ ತಿರುಗಿ ಹಳೆಯ ಸೀರೆಗಳನ್ನು ಕೂಡಿಸಿದಳು. ನನ್ನ ತಾಯಿಯವೂ ಎರಡಿದ್ದವು. ಸೀರೆಗಂಟು, ಜೋಳ, ಮಳೆಗೆ ಮರೆಕಟ್ಟುವ ತಾಡಪತ್ರಿ ಹೇರಿದ ಟೆಂಪೋದಲ್ಲಿ ಮಾಸ್ತರರ ಜೊತೆ ಅವಳೂ ಗುಡ್ಡ ಹತ್ತಿದಳು.

ಮೊದಲು ಇಳಿಸಿದ್ದು ಸೀರೆಗಂಟು. ಹೆಂಗಸರು ಯಾರೂ ಅದನ್ನು ಮುಟ್ಟಲಿಲ್ಲ. ಹಟ್ಟಿಯ ಹಿರಿಯಳು ಶಂಕ್ರೆವ್ವ ಅದನ್ನು ಕೋಲಿನಿಂದ ಅತ್ತ ಸರಿಸಿ, "ಬ್ಯಾಡ" ಎಂದಳು.

ಅನಸವ್ವನಿಗೆ ಪಿತ್ತ ನೆತ್ತಿಗೇರಿತು. ಅವರಿಗಾಗಿ ಅಷ್ಟು ಬಾಗಿಲು ತಟ್ಟಿದ್ದಳಲ್ಲ! "ಇವರಿಗಿ ಏನೂ ಬ್ಯಾಡಂತ ಬರ್ಕೋರಿ ಮಾಸ್ತರ" ಎಂದು ಕೂಗಿದಳು. ಮಾಸ್ತರರು ಮುದ್ದಾದ ಅಕ್ಷರದಲ್ಲಿ ಹಾಗೇ ಬರೆದುಕೊಂಡರು. ಸೀರೆಗಂಟು, ಜೋಳ, ತಾಡಪತ್ರಿಗಳ ಸಮೇತ ಟೆಂಪೋ ಹೊಳ್ಳಿ ಬಂತು.

ಮಳೆ ನಿಲ್ಲಲಿಲ್ಲ. ಎರಡು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಒಬ್ಬಳೇ ಹೋದಳು. ಶಂಕ್ರೆವ್ವನ ಸೊಸೆ ಬಂಡೆಯ ಮರೆಯಲ್ಲಿ ಹಸಿ ಗೋಣಿಚೀಲ ಹೊದ್ದು ನಾಲ್ಕು ದಿನದ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. ಕೂಸಿಗೆ ಅಳುವ ಶಕ್ತಿಯೂ ಇರಲಿಲ್ಲ.

"ಸೀರಿ ಬ್ಯಾಡಂದ್ನಿ, ತಾಡಪತ್ರಿ ಬ್ಯಾಡಂದ್ನೇನ?" ಎಂದಳು ಶಂಕ್ರೆವ್ವ. "ಬ್ಯಾರೆ ಹೆಂಗಸು ಉಟ್ಟು ಬಿಟ್ಟ ಸೀರಿ ಉಟ್ರ ನಮ್ಮ ಮಂದಿ ನಮ್ಮನ್ನ ಹೊರಗ ಇಡ್ತಾರ. ಹತ್ತು ವರ್ಸಾತು ಬರಾಕತ್ತಿ ಅನಸವ್ವಾ, ಒಮ್ಮ್ಯಾರ ಕೇಳಿದೇನ?"

ಕೇಳಿರಲಿಲ್ಲ. ಹತ್ತು ವರ್ಷವೂ ಅವಳದು ಬರೀ ಹೇಳುವುದೇ ಆಗಿತ್ತು. ಆ ದಿನದಷ್ಟು ನಾಚಿಕೆ ಜನ್ಮದಲ್ಲೇ ಪಟ್ಟಿರಲಿಲ್ಲ ಎಂದು ಅವಳೇ ನನಗೆ ಹೇಳಿದ್ದಾಳೆ.

ಮರುದಿನ ಬೆಳಿಗ್ಗೆ ಅದೇ ಸೀರೆಗಂಟು ಹೊತ್ತು ಸಮಿತಿಯ ಸಭೆಗೆ ನುಗ್ಗಿದಳು. ನಾನೂ ಅಲ್ಲಿದ್ದೆ. "ಗುಡ್ಡದ ಹಟ್ಟಿ ಹೆಸರು ಬರೀರಿ" ಎಂದಳು.

"ತಾವ ಬ್ಯಾಡಂದಾರಲ್ಲವಾ" ಎಂದರು ಅಣ್ಣಾಸಾಹೇಬರು. "ಸೊಕ್ಕಿನ ಮಂದಿಗಿ ನಾವೇನ್ ಮಾಡೂದು?"

ಅನಸವ್ವ ಗಂಟು ಬಿಚ್ಚಿ ಅವರ ಮೇಜಿನ ಮೇಲೆ ಸುರುವಿದಳು. "ಇದರಾಗ ಒಂದು ಒಯ್ದು ನಿಮ್ಮ ಮನ್ಯಾಗ ಕೊಡ್ರಿ. ನಿಮ್ಮ ಮನಿಯವರು ಉಟ್ರ ನಾ ಸುಮ್ಮನ ಹೊಳ್ಳಿ ಹೊಕ್ಕೀನಿ."

ಅಣ್ಣಾಸಾಹೇಬರ ಮುಖ ಕೆಂಪಾಯಿತು.

"ಬ್ಯಾಡ, ಹೌದಲ್ರಿ? ಹಂಗಾರ ಸಾಹುಕಾರ್ರ ಮನಿಗಿ ಏನೂ ಬ್ಯಾಡಂತ ಬರ್ಕೋರಿ ಮಾಸ್ತರ!"

ಹಿಂದೆ ನಿಂತಿದ್ದ ಒಬ್ಬಿಬ್ಬರು ನಕ್ಕರು. ಸೋಮಲಿಂಗ ಮಾಸ್ತರರು ಮಾತ್ರ ಪುಸ್ತಕವನ್ನು ಎದೆಗೆ ಒತ್ತಿಕೊಂಡರು. "ಆವತ್ತ ಬರಸಿದಾಕಿ ನೀನ. ನಾ ಬರದದ್ದು ಎಂದೂ ಹೊಡದ ಹಾಕಿಲ್ಲ" ಎಂದರು.

"ಹೊಡೀಬ್ಯಾಡ್ರಿ. ಅದರ ಕೆಳಗ ಬರೀರಿ, ಇದು ಅನಸವ್ವನ ತಪ್ಪು ಅಂತ. ಆಮ್ಯಾಲೆ ಹದಿನೇಳು ಮನಿ ಬರೀರಿ. ಸೀರಿ ಕೊಡೂದಾದ್ರ ಮಗ್ಗದ ಮ್ಯಾಗಿಂದ ಇಳಿಸಿದ್ದು ಕೊಡ್ರಿ, ಇಲ್ಲಾಂದ್ರ ಬ್ಯಾಡ."

ಅಣ್ಣಾಸಾಹೇಬರು ಎಲ್ಲರ ಮುಖ ನೋಡಿ, ಬರೀರಿ ಎಂದು ಕೈಯಾಡಿಸಿದರು. ಮಾಸ್ತರರು ಸಣ್ಣ ಅಕ್ಷರದಲ್ಲಿ ಆ ಸಾಲು ಬರೆದರು. ಅನಸವ್ವ ಬಗ್ಗಿ ನೋಡಿದಳು.

"ತಪ್ಪು ಅನ್ನೂದು ಇನ್ನಷ್ಟು ದಪ್ಪಗ ಬರೀರಿ ಮಾಸ್ತರ. ಮತ್ತ ಹದಿನೇಳರಾಗ ಒಂದು ಮನಿ ಬಿಟ್ರ ಹದಿನೆಂಟನೇ ಮನಿ ನಂದು, ಇಲ್ಲೇ ನಿಮ್ಮ ಮೇಜಿನ ಮ್ಯಾಲ ಹೂಡ್ತೀನಿ."

ಆ ಮಧ್ಯಾಹ್ನವೇ ಬಾಣಂತಿಯ ತಲೆಯ ಮೇಲೆ ತಾಡಪತ್ರಿ ಬಂತು. ಸಂಜೆಯ ಹೊತ್ತಿಗೆ ಕೂಸು ಅಳತೊಡಗಿತು.