ಲಾಭವ್ವನ ಪದ ಕಟ್ಟಿದ ಹುಲುಗಪ್ಪ

ಹರಪನಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೆಕ್ಕೆಜೋಳ ಒಣಹಾಕುವ ಅಂಗಳದಲ್ಲಿ ಅರವತ್ತು ದಾಟಿದ ಹುಲುಗಪ್ಪನವರು ಕಸಬರಿಗೆ ಹಿಡಿದಿದ್ದಾರೆ. ಧೂಳಿಗೆ ಕೆಮ್ಮುತ್ತಾರೆ, ಕೆಮ್ಮು ನಿಂತರೆ ಹಾಡುತ್ತಾರೆ:

“ಕಣದಾಗ ಹುಟ್ಟಿದಿ, ಹರಕ್ಯಾಗಿ ಬೆಳದಿದ್ದಿ,
ಎಲ್ಲಾರ ಮಗಳು ಲಾಭವ್ವ – ಈಗ್ಹೇಳ
ಪ್ಯಾಟ್ಯಾಗ ಯಾರ ಮನಿ ಸೊಸಿಯವ್ವ?”

ಮಾತುಗಳ ಮೇಲೆ ಪದ ಕಟ್ಟುವುದು ಅವರ ಚಟ. ಯಾವ ಮಾತು ಎಲ್ಲಿ ಹುಟ್ಟಿತು, ಯಾರ ಮನೆ ಸೇರಿ ಹೇಗೆ ಕೆಟ್ಟಿತು ಎಂಬುದೇ ಹಾಡು. ಕೂಲಿ, ಹಂಗು, ಧಣಿ ಎಲ್ಲಕ್ಕೂ ಒಂದೊಂದು ಪದ ಉಂಟು. ಕೇಳುವವರು ಮಾತ್ರ ಅಂಗಳದ ಗುಬ್ಬಿಗಳು.

ತಮ್ಮೂರು ಗುಡೇಕೋಟೆ ಕಡೆ ಅವರು ಹೆಸರಾದ ರಾಶಿ ಅಳೆಯುವವರಾಗಿದ್ದರು. ಜೋಳ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುವ ಹಾಗಿಲ್ಲ, ‘ಲಾಭ’ ಎನ್ನಬೇಕು. ಎರಡು, ಮೂರು ಆಮೇಲೆ. ರಾಶಿ ಹುಲುಸಾಗಲಿ, ಊರೆಲ್ಲ ಉಣ್ಣಲಿ ಎಂಬ ಹಾರೈಕೆ ಅದು. ಈಗ ಅದೇ ಮಾತು ಅಡತಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ.

1998ರ ಸುಗ್ಗಿ. ದೊಡ್ಡ ರೈತ ಮರುಳಪ್ಪನವರ ಕಣ. ಅಂಚಿನಲ್ಲಿ ಉದುರಿದ ಕಾಳು ಆಯುತ್ತಿದ್ದ ಹುಲುಗಪ್ಪನವರ ಹೆಂಡತಿ ಮಾರೆಮ್ಮನವರನ್ನು ಮರುಳಪ್ಪನವರ ಮನೆಯವರು ಬೈದು ಎಬ್ಬಿಸಿದರು, ಉಡಿಯಲ್ಲಿದ್ದ ಕಾಳನ್ನೂ ಸುರಿಸಿಕೊಂಡರು. ಅದನ್ನು ನೋಡುತ್ತಲೇ ಹುಲುಗಪ್ಪನವರು ಮೊದಲ ಕೊಳಗ ಎತ್ತಿದರು. ಬಾಯಿಂದ ಬಂದದ್ದು ‘ಒಂದು’.

“ಬಾಯಿ ತಪ್ಪಿ ಬಂತೋ, ಹೊಟ್ಟಿ ಉರಿದು ಬಂತೋ, ಇವತ್ತಿಗೂ ಗೊತ್ತಿಲ್ರಿ,” ಎನ್ನುತ್ತಾರೆ ಅವರು.

ಅಪಶಕುನವೆಂದು ಕೊಳಗ ಕಿತ್ತುಕೊಂಡರು. ಆಮೇಲೆ ಯಾವ ಕಣದಿಂದಲೂ ಕರೆ ಬರಲಿಲ್ಲ. ಅದೇ ವರ್ಷ ಗಂಡ ಹೆಂಡತಿ ಊರು ಬಿಟ್ಟು ಇಲ್ಲಿಗೆ ಬಂದರು; ಈಗ ಐದು ವರ್ಷ. ಮುತ್ತೈದೆಯ ಉಡಿ ಬರಿದು ಮಾಡುವಾಗ ಯಾರ ಕಣ್ಣಿಗೂ ಬೀಳದ ಅಪಶಕುನ ಬಡವನ ಬಾಯಲ್ಲಿ ಕಂಡಿತಲ್ಲ, ಹೊಟ್ಟೆ ಉರಿಯುವುದು ಅದಕ್ಕೆ.

“ಅವರು ಮಾಡಿದ್ದು ತಪ್ಪಲ್ಲಂತ, ಇವರು ಅಂದಿದ್ದು ತಪ್ಪಂತ್ರಿ,” ಮಾರೆಮ್ಮನವರು ಗುಡಿಸಿದ ಧೂಳನ್ನು ಮೊರದಲ್ಲಿ ಕೇರಿ ಕಾಳು ತೆಗೆಯುತ್ತ ಹೇಳುತ್ತಾರೆ.

ಈ ಸಲ ಮರುಳಪ್ಪನವರ ಮಗ ಅಮರೇಶ್ ಹೇಳಿ ಕಳಿಸಿದ್ದಾರೆ: ತಪ್ಪಾಯಿತೆಂದು ರಾಶಿಗೆ ಅಡ್ಡಬಿದ್ದರೆ ಕೊಳಗ ಮತ್ತೆ ಹುಲುಗಪ್ಪನವರ ಕೈಗೆ. ಆಸೆ ಇಲ್ಲವೆಂದಲ್ಲ. ರಾಶಿಯ ಮಾತು ತೆಗೆದರೆ ಅವರ ಕೈ ತಾನಾಗಿ ಬೊಗಸೆಯಾಗುತ್ತದೆ.

“ಹೋಗ್ತೀನ್ರಿ. ಅಡ್ಡನೂ ಬೀಳ್ತೀನಿ. ಜ್ವಾಳಕ್ಕ ಅಡ್ಡಬೀಳಾಕ ನಾಚಿಕಿ ಏನೈತಿ? ಆದ್ರ ಮೊದಲು ಅದೇ ಕಣದಾಗ, ಅವರ ಕೈಲೇ ಇಕಿ ಉಡಿ ತುಂಬಬೇಕು. ಅಲ್ಲಿತನ ಕೊಳಗ ಹಿಡಿದು ‘ಲಾಭ’ ಅನ್ನೋ ಮಾತು ನನ್ನ ಬಾಯಾಗ ಬರಂಗಿಲ್ಲ.”