ಶುಕ್ರವಾರ ಹೊಸ್ತಿಲು ದಾಟದ ಅವಲಕ್ಕಿ ಸರ

ವಿಮೆ ಕಂಪನಿ ಹೇಳಿದ್ದು: ಪೈಪು ಒಡೆದು ಆದ ನಷ್ಟ ನಾವು ತುಂಬಿಕೊಡುತ್ತೇವೆ, ಚೆಕ್ಕು ನಿಮ್ಮ ಕೈಗೆ.

ಬಂದದ್ದು: ನಮ್ಮ ಹೆಸರಿನ ಪಕ್ಕದಲ್ಲಿ ಮನೆಸಾಲದ ಬ್ಯಾಂಕಿನ ಹೆಸರೂ ಇರುವ ಚೆಕ್ಕು. ಬ್ಯಾಂಕು ಸಹಿ ಹಾಕದೆ ಒಂದು ಡಾಲರೂ ಇಲ್ಲ.

ಬ್ಯಾಂಕು ಹೇಳಿದ್ದು: ರಿಪೇರಿ ಶುರುವಾದದ್ದನ್ನು ತೋರಿಸಿ, ದುಡ್ಡು ಬಿಡುತ್ತೇವೆ.

ಕಾಂಟ್ರಾಕ್ಟರು ಹೇಳಿದ್ದು: ಸೋಮವಾರದೊಳಗೆ ಮುಂಗಡ ಕೊಡಿ, ರಿಪೇರಿ ಶುರು ಮಾಡುತ್ತೇನೆ.

ಎಷ್ಟು ಸಲ ಓದಿದರೂ ಇದರ ತುದಿ ಎಲ್ಲಿ, ಬುಡ ಎಲ್ಲಿ... ನನಗೆ ಗೊತ್ತಾಗಿಲ್ಲ.

ಅಮೆರಿಕಾದ ಡಬ್ಲಿನ್‌ನ ನಮ್ಮ ಮನೆಯಲ್ಲಿ ನೀರು ನುಗ್ಗಿದ್ದು ಅತ್ತೆಯ ರೂಮಿಗೆ. ಒದ್ದೆ ಗೋಡೆಯನ್ನು ಅರ್ಧ ಕತ್ತರಿಸಿ ಹಾಗೇ ಬಿಟ್ಟಿದ್ದಾರೆ, ಬೂಷ್ಟಿನ ವಾಸನೆ. ಅತ್ತೆ ಮಂಡಿನೋವು ಇಟ್ಟುಕೊಂಡು ಹಾಲ್‌ನ ಸೋಫಾ ಮೇಲೆ ಮಲಗುತ್ತಿದ್ದಾರೆ.

ಮುಂಗಡಕ್ಕೆ ನನ್ನ ಅವಲಕ್ಕಿ ಸರ ಮಾರೋಣವೆಂದೆ. ಸರಳ ಮದುವೆಯಾದ ನನಗೆ, ಬೇಡವೆಂದರೂ ಅತ್ತೆ ತಮ್ಮ ಕೊರಳಿಂದ ಬಿಚ್ಚಿಕೊಟ್ಟ ಸರ. ನಾನು ಅದನ್ನು ಹಾಕಿಕೊಂಡದ್ದೇ ಇಲ್ಲ.

"ಮಾರ್ಕೊ ಮಗಾ. ನನ್ ರೂಮ್ಗೇ ತಾನೆ" ಎಂದರು.

ಒಡವೆ ಅಂಗಡಿಯವರು ಕರಗಿಸುವ ಚಿನ್ನದ ರೇಟು ಮಾತ್ರ ಹೇಳಿದರು. ಸಿಟ್ಟು ಬಂದು ಆನ್‌ಲೈನಿನಲ್ಲಿ ಫೋಟೋ ಹಾಕಿದೆ.

ಒಬ್ಬ ಫೋನ್ ಮಾಡಿದ. ಅಚ್ಚ ಕನ್ನಡ. "ಅಕ್ಕಾ, ನಾವು ಹಾಸನದ ಕಡೆಯವ್ರು, ಈಗ ಲಾಸ್ ಗ್ಯಾಟೋಸಲ್ಲಿದೀವಿ. ನಮ್ಮವ್ರ ಹತ್ರ ಚೌಕಾಸಿ ಮಾಡ್ತೀನಾ?"

ನಾನು ಕೇಳಿದ್ದು ಒಂದೇ: ಹಾಸನದಲ್ಲಿ ಎಲ್ಲಿ?

ಪೂರ್ತಿ ಹೆಸರು ಕೇಳಲಿಲ್ಲ. ಐಡಿ ಕೇಳಲಿಲ್ಲ. "ನಮ್ಮ ಕಡೆಯವರು" ಎಂಬ ಮಾತಿನ ಹೊಟ್ಟೆಯೊಳಗೆ ಜಾತಿ ಕೂತಿರುತ್ತದೆ ಎಂದು ಮೈಕು ಹಿಡಿದು ಕೂಗಿದವಳು ನಾನು. ಆ ಮಾತಿಗೇ ಕರಗಿದೆ.

ಶುಕ್ರವಾರ ಕೊರಿಯರಿನಲ್ಲಿ ಅವನ ಚೆಕ್ಕು ಬಂತು. ಫೋನಿನಲ್ಲೇ ಫೋಟೋ ತೆಗೆದು ಜಮಾ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ದುಡ್ಡು ಖಾತೆಯಲ್ಲಿ ಕಾಣಿಸಿತು. ಸಂಜೆ ತನ್ನ ಕಡೆಯವರು ಬಂದು ಸರ ತೆಗೆದುಕೊಂಡು ಹೋಗುತ್ತಾರೆ ಎಂದ.

ಸರವನ್ನು ಡಬ್ಬಿಗೆ ಹಾಕುತ್ತಿದ್ದೇನೆ. ಅತ್ತೆ ದೇವರಿಗೆ ದೀಪ ಹಚ್ಚಿ ಬಂದರು.

"ಇವತ್ತು ಸುಕ್ರವಾರ. ದೀಪ ಹಚ್ಚೋ ಹೊತ್ನಲ್ಲಿ ಚಿನ್ನ ಹೊರಕ್ಕೆ ಕೊಟ್ಟಾರಾ? ನಾಳೆ ಬರಕ್ಕೇಳು."

"ಅತ್ತೆ, ಶುಕ್ರವಾರಕ್ಕೂ ಚಿನ್ನಕ್ಕೂ ಏನ್ ಸಂಬಂಧ? ಮೂಢನಂಬಿಕೆ ಇದೆಲ್ಲ."

"ಭಾಷಣ ಆಮೇಲ್ ಮಾಡವ್ವ. ಡಬ್ಬಿ ಇಲ್ ಕೊಡು."

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸೋಫಾ ಮೇಲೆ ಕೂತುಬಿಟ್ಟರು. ಈಗ ಅವರ ರೂಮೂ ಅದೇ, ಹಾಸಿಗೆಯೂ ಅದೇ. ಎಬ್ಬಿಸುವುದು ಹೇಗೆ?

ಅವನಿಗೆ ಫೋನ್ ಮಾಡಿ ನಾಳೆ ಬನ್ನಿ ಎಂದೆ, ಕಾರಣವನ್ನೂ ಹೇಳಿದೆ. "ಏನ್ರೀ ಇದು, ಅಮೆರಿಕಾಕ್ ಬಂದ್ರೂ ನಿಮ್ ಮೂಢನಂಬಿಕೆ ಹೋಗಿಲ್ವಾ? ದುಡ್ಡು ಹಾಕ್ಸ್ಕೊಂಡು ಆಟ ಆಡ್ತೀರಾ?"

ಅಕ್ಕ ಹೋಗಿ ರೀ ಬಂತು. ಅದಕ್ಕಿಂತ ಚುಚ್ಚಿದ್ದು, ಅವನು ಬೈದದ್ದು ನನ್ನದೇ ಮಾತಿನಲ್ಲಿ.

ಅವನ ಅವಸರ ಅನುಮಾನ ಹುಟ್ಟಿಸಿತು. ಶನಿವಾರ ಬೆಳಿಗ್ಗೆ ಎರಡೂ ಚೆಕ್ಕು ಹಿಡಿದು, ನಮ್ಮ ಖಾತೆ ಇರುವ ಬ್ಯಾಂಕಿಗೆ ಹೋದೆ. ಕೌಂಟರಿನ ಹೆಂಗಸು ಅವನ ಚೆಕ್ಕಿನ ಮೇಲಿದ್ದ ಬ್ಯಾಂಕಿಗೆ ಫೋನ್ ಮಾಡಿ ವಿಚಾರಿಸಿದಳು. ಅಂಥ ಚೆಕ್ಕನ್ನು ಅವರು ಕೊಟ್ಟೇ ಇಲ್ಲ!

ಖಾತೆಯಲ್ಲಿ ದುಡ್ಡು ಕಾಣಿಸುವುದು ಬೇರೆ, ನಿಜಕ್ಕೂ ಬರುವುದು ಬೇರೆಯಂತೆ. ಕೆಲವು ದಿನಗಳಲ್ಲಿ ಆ ದುಡ್ಡು ವಾಪಸ್ ಹೋಗುತ್ತಿತ್ತು. ಸರ ಮಾತ್ರ ವಾಪಸ್ ಬರುತ್ತಿರಲಿಲ್ಲ.

ಅವನ ನಂಬರು ಈಗ ಸ್ವಿಚ್ ಆಫ್.

ಗೆಳೆಯರೇ, ಕಳ್ಳನ ಚೆಕ್ಕು ಅರ್ಧ ದಿನದಲ್ಲಿ ಖಾತೆಯಲ್ಲಿ ಹೊಳೆಯಿತು. ಅಸಲಿ ಚೆಕ್ಕು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ನನ್ನನ್ನು ಅಣಕಿಸುತ್ತಿದೆ. ನಾನು ಕಂತು ಕಟ್ಟುವ ವಿಮೆ, ನಾನು ಬಡ್ಡಿ ಕಟ್ಟುವ ಬ್ಯಾಂಕು, ನನ್ನ ಒಡೆದ ಗೋಡೆ. ಇದರಲ್ಲಿ ಮೋಸ ಅಂತ ಯಾವುದನ್ನು ಕರೆಯಲಿ?

ಶುಕ್ರವಾರದಲ್ಲಿ ನನಗೆ ಈಗಲೂ ನಂಬಿಕೆಯಿಲ್ಲ. ಕಾಪಾಡಿದ್ದು ವಾರವಲ್ಲ, ಒಂದು ರಾತ್ರಿಯ ತಡ ಎಂದು ಅತ್ತೆಯೊಂದಿಗೆ ವಾದಿಸಿದೆ. "ಹಂಗೇ ಇಟ್ಕೊ. ಸರ ಮಾತ್ರ ಕತ್ಗೆ ಹಾಕ್ಕೊ" ಎಂದರು.

ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಯಾಕೆ ಎಂದು ಕೇಳಬೇಡಿ...

ವಿಮೆಯವರನ್ನೂ ಸಾಲದ ಬ್ಯಾಂಕಿನ ತಪಾಸಣೆಯವರನ್ನೂ ಒಟ್ಟಿಗೆ ಆ ಗೋಡೆಯ ಮುಂದೆ ನಿಲ್ಲಲು ಕೊನೆಗೂ ಒಪ್ಪಿಸಿದ್ದೇನೆ. ಇಂಥದೇ ಚೆಕ್ಕು ಹಿಡಿದು ಕೂತವರು ಯಾರಿದ್ದೀರಿ? ನೀವೂ ಬನ್ನಿ, ಸಹಿ ಬೀಳುವ ತನಕ ಕೂರೋಣ. ಅವರು ಕೊಟ್ಟ ದಿನಕ್ಕೆ ಅತ್ತೆಯ ತಕರಾರಿಲ್ಲ, ಅವತ್ತು ದುಡ್ಡು ಒಳಗೆ ಬರಬಹುದಂತೆ.

ಬರುವ ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ.