ಸೊನ್ನೆಯಲ್ಲಿ ಕೂಡದ ಗೆರೆಗಳು

ಅನ್ವಿತಾ, ಶ್ರೇಯಸ್, ಮೊನ್ನೆ ಚೌತಿಯ ರಜೆಯಲ್ಲಿ ನೀವಿಬ್ಬರು ಜಗಲಿಯಲ್ಲಿ ಕೂತು ನಗುತ್ತಿದ್ದ ಸದ್ದು ಅಡುಗೆಮನೆಗೆ ಕೇಳಿತು. ಸಣ್ಣಗೆ ಸುರುವಾಗಿ, ಒಬ್ಬರ ಬಾಯಿ ಒಬ್ಬರು ಮುಚ್ಚಿ, ಕೊನೆಗೆ ಹಿಡಿಯಲಾಗದೆ ಒಡೆದುಹೋಗುವ ನಗು. ಕೈ ಒರೆಸಿಕೊಂಡು ಬಂದು ನೋಡಿದರೆ ಲ್ಯಾಪ್‌ಟಾಪಿನ ಚೌಕುಳಿ ಪರದೆಯ ಮೇಲೆ ಒಂದು ಮೂಗು. "ಅಜ್ಜಿ, ಇದು ನೀವು! ಬರೇ ಸಮೀಕರಣ ಹಾಕಿದ್ದು, ನೀವೇ ಬಂದ್ರಿ" ಎಂದೆ ನೀನು, ಅನ್ವಿತಾ. ನಾನೂ ನಕ್ಕೆ. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ ಎಂದು ನನಗೆ ಗೊತ್ತು. ಆದರೆ ಅಂಥದೇ ನಗು ನಾನು ಹುಟ್ಟಿದ ಮನೆಯಲ್ಲಿ ದಿನವೂ ಕೇಳುತ್ತಿತ್ತು, ಮತ್ತು ಅದರ ಕೆಳಗೆ ಒಬ್ಬಳು ಸಿಕ್ಕಿ ಮುಗಿದುಹೋದಳು. ಅವಳ ಕತೆಯನ್ನು ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ಅಜ್ಜ ಇದ್ದಾಗ ಅವರಿಗೂ ಪೂರ್ತಿ ಹೇಳಿರಲಿಲ್ಲ. ಆದ್ದರಿಂದ ಊರ ಶಾಲೆಯಲ್ಲಿ ಕಲಿತಷ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪಂಜದ ಹತ್ತಿರ, ಮಾರ್ಗದ ಬದಿಯಲ್ಲೇ ನಮ್ಮ ಮನೆ ಇತ್ತು. ಅಪ್ಪ ಕೊಯಿಲದ ಫಾರ್ಮಿನಲ್ಲಿ ದನಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ವಾರಕ್ಕೊಮ್ಮೆ ಅಂಗಿಯಲ್ಲಿ ಹಿಂಡಿಯ ವಾಸನೆ ಹೊತ್ತು ಬರುತ್ತಿದ್ದರು. ಮನೆಯ ಮಾತೆಲ್ಲ ಚಿಕ್ಕಪ್ಪನದು. ಅವರು ಬಿಎಸ್ಸಿ ಓದಿದ ಲೆಕ್ಕದ ಮಾಷ್ಟ್ರು, ಇಡೀ ಊರಿಗೆ ಪ್ರೀತಿಯವರು. ಸಂಜೆ ನಮ್ಮ ಚಾವಡಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಹಳೆಯ ಬಾಗಿಲ ಹಲಗೆಗೆ ಬ್ಯಾಟರಿ ಸೆಲ್ಲಿನ ಮಸಿಯನ್ನೂ ಸೊಪ್ಪಿನ ರಸವನ್ನೂ ಬೆರೆಸಿ ಬಳಿದದ್ದೇ ಬೋರ್ಡು. ಹೊಸತಾಗಿ ಬಳಿದ ದಿನ ಮನೆಯೆಲ್ಲ ಹಸಿ ಸೊಪ್ಪಿನ ಕಹಿ ವಾಸನೆ. ಪಾಠ ಮುಗಿದ ಮೇಲೆ ಚಿಕ್ಕಪ್ಪ ಒಂದು ಸಮೀಕರಣ ಬರೆಯುವರು, ಮಕ್ಕಳು ಒಬ್ಬೊಬ್ಬರಾಗಿ ಬಂದು ಬಿಂದು ಇಡುವರು, ಬಿಂದುಗಳನ್ನು ಸೇರಿಸಿದಾಗ ಅಲ್ಲಿ ಯಾರೋ ಒಬ್ಬರು ಮೂಡುವರು. ಕವುಚಿ ಹಾಕಿದ ಬಾಣಲೆಯಂಥ ಗೆರೆ ಬಂದರೆ ಅಂಗಡಿ ಭಟ್ರ ಬೋಳುತಲೆ. ಆಚೆಗೊಂದು ಈಚೆಗೊಂದು ಬಾಗಿದ ಗೆರೆ ಬಂದರೆ ಅಪ್ಪನ ಕಿವಿ. ಅಪ್ಪ ತನ್ನ ಕಿವಿ ಮುಟ್ಟಿ ನೋಡಿಕೊಂಡು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಹಾಗೆ ನಗುವುದು ನಮ್ಮ ಮನೆಯ ಕ್ರಮ. ಬೋರ್ಡಿನಲ್ಲಿ ಬಂದವರೇ ಮೊದಲು ನಗಬೇಕು. "ಕೋಪ ಬಂದವ ಸೋತ" ಎನ್ನುತ್ತಿದ್ದರು ಚಿಕ್ಕಪ್ಪ. ಸೋತವರನ್ನು ಒಂದು ವಾರ ಯಾರೂ ಮಾತಾಡಿಸುತ್ತಿರಲಿಲ್ಲ, ಅಷ್ಟೇ. ಅದನ್ನು ಶಿಕ್ಷೆಯೆಂದು ಯಾರೂ ಕರೆಯಲಿಲ್ಲ.

ನನ್ನ ಅಕ್ಕ ಯಮುನಾ ಒಬ್ಬಳೇ ಆ ಬೋರ್ಡಿನಲ್ಲಿ ಬಾರದವಳು. ಅವಳು ಹುಟ್ಟುವಾಗಲೇ ಮೇಲ್ತುಟಿ ಸೀಳಿತ್ತು. ಅದನ್ನು ಹೊಲಿದು ಸರಿಮಾಡುವ ಡಾಕ್ಟ್ರುಗಳು ಮಂಗಳೂರಿನಲ್ಲಿ ಇದ್ದರೆಂದು ನಮಗೆ ತಿಳಿಯುವಾಗ ಅವಳ ತಲೆಕೂದಲು ನರೆತಿತ್ತು. ನಮ್ಮ ಮನೆಗೆ ಗೊತ್ತಿದ್ದದ್ದು ಬೇರೆ ಕಾರಣ: ಅಕ್ಕ ಹೊಟ್ಟೆಯಲ್ಲಿರುವಾಗ ಗ್ರಹಣದ ಹೊತ್ತಿನಲ್ಲಿ ಅಮ್ಮ ಕತ್ತಿಮಣೆಯಲ್ಲಿ ಕೂತು ಸೌತೆಕಾಯಿ ಹೆಚ್ಚಿದ್ದರು. ಅಮ್ಮ ಅದನ್ನು ನಂಬಿದ್ದರು. ಅಕ್ಕನ ಬಗ್ಗೆ ಯಾರು ಏನೆಂದರೂ ಅಮ್ಮನಿಗೆ ಎದುರು ಹೇಳುವ ಧೈರ್ಯ ಇರಲಿಲ್ಲ. ಹೇಳಿದರೆ "ಆ ದಿನ ಸೌತೆಕಾಯಿ ಇಲ್ಲದೆ ಊಟ ಇಳೀತಿರಲಿಲ್ವಾ?" ಎಂಬ ಮಾತು ಸಿದ್ಧವಾಗಿತ್ತು. ಅಕ್ಕನ ಮಾತು ಮೂಗಿನಿಂದ ಬರುತ್ತಿದ್ದ ಕಾರಣ ಅವಳು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುವಳು, ನಗುವುದೂ ಹಾಗೆಯೇ. ಲೆಕ್ಕಕ್ಕೆ ಬಾಯಿ ಬೇಡವಲ್ಲ. ಲೆಕ್ಕವೆಂದರೆ ಅವಳಿಗೆ ಜೀವ. ಹತ್ತನೆಯದರಲ್ಲಿ ಫಸ್ಟ್ ಕ್ಲಾಸು ಬಂತು. ಪುತ್ತೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿ ನಿಂತು ಕಾಲೇಜಿಗೆ ಹೋಗಬೇಕೆಂಬುದು ಅವಳ ಒಂದೇ ಆಸೆ. ದೊಡ್ಡಮ್ಮನೂ ಕಳಿಸಿ ಎಂದಿದ್ದರು. ಅಪ್ಪ ಮಾತ್ರ, "ನನಗೆಂತ ಗೊತ್ತುಂಟು ಮಗಾ? ಚಿಕ್ಕಪ್ಪನನ್ನು ಕೇಳು, ಓದಿದವ ಅವ" ಎಂದು ಕೊಯಿಲಕ್ಕೆ ಹೋದರು.

ಅಕ್ಕ ಚಿಕ್ಕಪ್ಪನನ್ನು ಕೇಳಿದ್ದು ಪಾಠದ ಹೊತ್ತಿನಲ್ಲಿ. ಮಕ್ಕಳೆದುರು ಅವರ ಮನಸ್ಸು ಖುಷಿಯಲ್ಲಿರುತ್ತದೆ ಎಂದು ಎಣಿಸಿರಬೇಕು.

"ಕಾಲೇಜಾ? ಹೋಗುದು ಹೋಗು, ಯಾರು ಬೇಡ ಹೇಳಿದ್ದು? ಒಂದು ಗ್ರಾಫ್ ಕೊಡ್ತೇನೆ. ಎಲ್ಲರೆದುರು ಮಾಡಿ ತೋರಿಸು. ಸರಿ ಆದ್ರೆ ಸೀದಾ ಪುತ್ತೂರು" ಎಂದರು ಚಿಕ್ಕಪ್ಪ.

ಬೋರ್ಡಿನಲ್ಲಿ ಬರೆದ ಸಮೀಕರಣ ನನಗೆ ಈಗಲೂ ಬಾಯಿಪಾಠ. ಒಂದನ್ನು ಎಕ್ಸಿನ ವರ್ಗದಿಂದ ಭಾಗಿಸಿದರೆ ವೈ. ಅಕ್ಕ ಸುಣ್ಣದ ಕಡ್ಡಿ ಹಿಡಿದು ಬಲದ ಕೊನೆಯಿಂದ ಸುರುಮಾಡಿದಳು. ಎರಡಕ್ಕೆ ಕಾಲು, ಬಿಂದು ಕೆಳಗೆ ನೆಲದ ಹತ್ತಿರ. ಒಂದಕ್ಕೆ ಒಂದು, ಚೂರು ಮೇಲೆ. ಅರ್ಧಕ್ಕೆ ನಾಲ್ಕು; ಬಿಂದು ಒಮ್ಮೆಲೇ ಎತ್ತರಕ್ಕೆ ಹಾರಿತು. ಅಲ್ಲಿ ಅವಳ ಕೈ ನಿಂತಿತು. ಎಡಬದಿಯೂ ಹೀಗೆಯೇ ಬರುತ್ತದೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಎರಡು ಕಡೆಯಿಂದ ಮಲಗಿ ಬಂದ ಗೆರೆಗಳು ನಡುವಿಗೆ ಬಂದ ಕೂಡಲೇ ಮೂಗಿನತ್ತ ಏರುತ್ತವೆ, ಒಂದಕ್ಕೊಂದು ಸೇರುವುದಿಲ್ಲ.

"ಎಂತ ನಿಂತದ್ದು? ಕಾಲೇಜು ಬೇಡ್ವಾ?"

ಅಕ್ಕ ಎಡಬದಿಯ ಬಿಂದುಗಳನ್ನೂ ಇಟ್ಟಳು. ಒಂದನ್ನೂ ತಪ್ಪಿಸಲಿಲ್ಲ. ಗೆರೆ ಎಳೆದು ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ಯಾರೋ "ಮಾಷ್ಟ್ರೇ, ಯಮುನಕ್ಕ!" ಎಂದರು. ಚಾವಡಿಯೇ ಒಡೆದು ಬಿದ್ದ ಹಾಗೆ ನಗು.

"ಸುಮ್ಮನಿರಿ ಮಾರಾಯ್ರೆ, ಲೆಕ್ಕ ಮುಗಿಲಿಲ್ಲ" ಎಂದು ಚಿಕ್ಕಪ್ಪ ಕಣ್ಣೊರೆಸಿಕೊಂಡರು. "ಸೊನ್ನೆಯಲ್ಲಿ ಎಂತ ಬರ್ತದೆ, ಯಮುನಾ? ಕೈ ತೆಗ್ದು ಹೇಳು. ಎಲ್ಲರಿಗೂ ಕೇಳ್ಬೇಕು."

ಅಕ್ಕ ಕೈ ತೆಗೆದಳು. "ಅಲ್ಲಿ ಏನೂ ಇಲ್ಲ" ಎಂದಳು. ಆ ಮೂರು ಶಬ್ದ ಅವಳ ಮೂಗಿನಿಂದ ಬಂದಾಗ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನು ಬಾಗಿಲಲ್ಲಿ ಅಮ್ಮನ ಸೀರೆ ಹಿಡಿದು ನಿಂತಿದ್ದೆ. ಇನ್ನು ಅಕ್ಕ ನಗಬೇಕು. ಎಲ್ಲರೂ ಅದಕ್ಕೇ ಕಾದರು. ಅವಳು ತಿರುಗಿ ಬೋರ್ಡಿನ ಮೇಲಿದ್ದದ್ದನ್ನು ಲಂಗದ ಅಂಚಿನಿಂದ ಉಜ್ಜಿ ಉಜ್ಜಿ ಒರೆಸಿದಳು. ಒಂದು ಬಿಂದುವನ್ನೂ ಬಿಡಲಿಲ್ಲ.

"ಲೆಕ್ಕ ಸರಿ ಉಂಟು" ಎಂದರು ಚಿಕ್ಕಪ್ಪ. ದನಿಯಲ್ಲಿ ಕೋಪ ಇರಲಿಲ್ಲ, ಮರುಕವೇ ಇತ್ತು. "ಆದ್ರೆ ಮನೆಯವರು ನೆಗಾಡಿದ್ದೇ ತಡಕೊಳ್ಳಿಕ್ಕೆ ಆಗದವಳು ಪುತ್ತೂರಿಗೆ ಹೋಗಿ ಎಂತ ಮಾಡುದು? ಅಲ್ಲಿ ನಮ್ಮ ಹಾಗೆ ಪ್ರೀತಿಯಿಂದ ನೆಗಾಡುವವರು ಇಲ್ಲ ಮಾರಾಯ್ತಿ."

ಅಲ್ಲಿಗೆ ಕಾಲೇಜು ಮುಗಿಯಿತು. ಆ ವಾರ ಅಪ್ಪ ಬಂದಾಗ ಅಮ್ಮ ಏನೋ ಹೇಳಲು ಹೊರಟರು. ಅಪ್ಪ ಗಂಜಿಗೆ ಉಪ್ಪಿನಕಾಯಿ ಕಲಸುತ್ತಾ "ಓದಿದವ ಹೇಳಿದ ಮೇಲೆ ಆಯ್ತಲ್ಲ" ಎಂದರು. ಅಮ್ಮ ಇನ್ನಷ್ಟು ಗಂಜಿ ಬಡಿಸಿದರು. ಅಕ್ಕ ಬೀಡಿ ಕಟ್ಟಲು ಕಲಿತಳು. ಸಂಜೆ ಮಕ್ಕಳು ಬರುವ ಹೊತ್ತಿಗೆ ಮೊರ ಹಿಡಿದು ಹಿಂದಿನ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದಳು. ನನ್ನ ಮದುವೆಯಲ್ಲಿ ಫೋಟೋದವನು ಎಲ್ಲರನ್ನೂ ಕರೆದಾಗ ಪಾಯಸ ತಳ ಹಿಡಿಯುತ್ತಿದೆ ಎಂದು ಅಡುಗೆಮನೆಗೆ ಓಡಿದಳು. ಅವಳಿಗೆ ಮದುವೆ ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಚಿಕ್ಕಪ್ಪ ತುಂಬು ವಯಸ್ಸಿನಲ್ಲಿ, ಅಕ್ಕ ಮಾಡಿ ಹಾಕಿದ್ದನ್ನು ಉಂಡು, ನಿದ್ದೆಯಲ್ಲೇ ಹೋದರು. ಅವರ ಉತ್ತರಕ್ರಿಯೆ ಮುಗಿಸಿ ಹಾಕಿದ ಬೊಜ್ಜದ ಊಟಕ್ಕೆ ಹಳೆಯ ಶಿಷ್ಯರು ಸುಳ್ಯ, ಕಡಬದಿಂದೆಲ್ಲ ಬಂದರು. ಅಪ್ಪ ಅಮ್ಮ ಆಗ ಇರಲಿಲ್ಲ. ಅಕ್ಕ ಪಾಯಸ ಬಡಿಸುತ್ತಿದ್ದಳು, ನಾನು ಹಿಂದಿನಿಂದ ಹಪ್ಪಳ. ಎಲೆಯ ಮುಂದೆ ಕೂತ ಒಬ್ಬರು ಪಕ್ಕದವರಿಗೆ ಹೇಳಿದರು: "ಮಾಷ್ಟ್ರ ತಮಾಷೆ ಎಂತ ಹೇಳುದು ಮಾರಾಯ್ರೆ! ಒಂದು ತುಟಿಯ ಗ್ರಾಫ್ ಹಾಕಿಸಿದ್ರಲ್ಲ, ನೆನಪುಂಟಾ? ನೆಗಾಡಿ ನೆಗಾಡಿ ನನಗೆ ಹೊಟ್ಟೆನೋವು ಬಂದಿತ್ತು." ಪಕ್ಕದವರು ಆಗಲೇ ನಗತೊಡಗಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಗ್ಗಿದವಳು ಯಾರೆಂದು ಅವರು ತಲೆ ಎತ್ತಿ ನೋಡಲಿಲ್ಲ. "ಇನ್ನೊಂದು ಸೌಟು ಹಾಕಿ ಅಕ್ಕ, ಪಾಯಸ ಲಾಯ್ಕಾಗಿದೆ" ಎಂದರು. ಅಕ್ಕ ಹಾಕಿದಳು.

ಪಾತ್ರೆ ತೊಳೆಯುವಾಗ ನಾನು ಅತ್ತೆ. ಅವಳು ಅಳಲಿಲ್ಲ. "ಸಮೀಕರಣ ಯಾವುದೆಂದು ಕೇಳಿದ್ರೆ ಅವರಿಗೆ ಗೊತ್ತಿಲ್ಲ. ತುಟಿ ಮಾತ್ರ ನೆನಪುಂಟು" ಎಂದಳು. ಅದರ ಮರುವರ್ಷ ಮಳೆಗಾಲದಲ್ಲಿ ಜ್ವರ ಬಂತು. ಆಸ್ಪತ್ರೆಯಲ್ಲಿ ಡಾಕ್ಟ್ರು ಕೇಳಿದ್ದಕ್ಕೆ ಕೈ ಅಡ್ಡ ಹಿಡಿದೇ ಉತ್ತರ ಹೇಳಿದಳು. ಅವರಿಗೆ ಅರ್ಧವೂ ಅರ್ಥವಾಗಲಿಲ್ಲ. ಎರಡು ದಿನದಲ್ಲಿ ಹೋದಳು. ಆ ಮನೆ ಈಗ ಇಲ್ಲ. ಅಲ್ಲಿ ಯಾರದೋ ರಬ್ಬರು ಶೀಟು ಒಣಗಿಸುವ ಶೆಡ್ಡು ಎದ್ದಿದೆ, ಹತ್ತಿರ ಹೋದರೆ ಹುಳಿ ವಾಸನೆ.

ಮಕ್ಕಳೇ, ಅಕ್ಕನ ಒಂದು ಫೋಟೋ ಕೂಡ ಎಲ್ಲಿಯೂ ಇಲ್ಲ. ಲೋಕದಲ್ಲಿ ಅವಳ ಮುಖದ ಚಿತ್ರ ಬರೆದದ್ದು ಒಮ್ಮೆ ಮಾತ್ರ, ಅದೂ ಅವಳ ಕೈಯಿಂದಲೇ, ಅದೂ ತುಟಿ ಮಾತ್ರ. ಉಳಿದದ್ದನ್ನು ನಾನು ಬರೆದಿಡುತ್ತೇನೆ. ಅವಳ ಹಣೆ ಅಗಲ. ಹುಬ್ಬು ನಡುವಿನಲ್ಲಿ ಕೂಡಿತ್ತು. ಎಡಗಣ್ಣಿನ ಕೆಳಗೆ ಎಳ್ಳಿನಷ್ಟು ಸಣ್ಣ ಮಚ್ಚೆ. ಲೆಕ್ಕ ಬಿಡಿಸುವಾಗ ಕಣ್ಣು ಅರ್ಧ ಮುಚ್ಚಿ, ಕಿವಿಯ ಹಿಂದಿನ ಕೂದಲನ್ನು ಬೆರಳಿಗೆ ಸುತ್ತುತ್ತಿದ್ದಳು, ಆಗ ಕೈ ಬಾಯಿಯಿಂದ ತಾನಾಗಿ ಇಳಿಯುತ್ತಿತ್ತು. ಆ ಮುಖ ಚಂದ ಇತ್ತು. ನಾನು ಹೋದ ಮೇಲೆ ಅದನ್ನು ಕಂಡವರು ಯಾರೂ ಉಳಿಯುವುದಿಲ್ಲ. ನಾನಿರುವ ಈ ಮನೆಯಲ್ಲಿ ಗೆದ್ದಲು ಬೇಗ ಹಿಡಿಯುತ್ತದೆ, ಮಳೆಗಾಲದಲ್ಲಿ ಕಾಗದಕ್ಕೆ ಬೂಸಲು ಬರುತ್ತದೆ. ಈ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಿಮ್ಮ ಮಾರ್ಕ್ಸ್ ಕಾರ್ಡುಗಳನ್ನು ಇಡುವ ಕಪಾಟಿನಲ್ಲೇ ಇಡಿ.